ಕಾನೂನು ಕಿವಿಮಾತು: ರಾಜೀನಾಮೆಗೆ ಸಹಿ ಹಾಕುವ ಮುನ್ನ

ಅಡಿಕೆ ಸುಲಿಯುವ ದಿನಗಳಲ್ಲಿ ಮಂಡಿ ಮಡಚಲಾಗದ ಅತ್ತೆಯವರನ್ನು "ನಿಮ್ಮ ಕೈಲಾಗದು, ಒಳಗೆ ಹೋಗಿ" ಅನ್ನುತ್ತೇವೆಯೇ? ಕೂರಲು ಎತ್ತರದ ಮಣೆ ಕೊಡುತ್ತೇವೆ, ಇಲ್ಲವೇ ಸುಲಿದದ್ದನ್ನು ಆರಿಸಲು ಹೇಳುತ್ತೇವೆ. ಕೆಲಸವೂ ಸಾಗುತ್ತೆ, ಅವರ ಮರ್ಯಾದೆಯೂ ಉಳಿಯುತ್ತೆ. ನಮ್ಮ ಮನೆಗಳ ಈ ಬುದ್ಧಿಯನ್ನೇ ಕಾನೂನು ಈಗ ಕಚೇರಿಗಳಿಗೂ ಹೇಳಿದೆ.

ಅಂಗವೈಕಲ್ಯದ ಕಷ್ಟ ನಮ್ಮ ಸೀಮೆಗೆ ಹೊಸದಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕೀಲುರೋಗದ ಸಂಗತಿ ನಿಮಗೆ ಗೊತ್ತೇ ಇದೆ. ಸೊಂಟ, ಮಂಡಿ ಸೋತು, ಕೂಲಿಯನ್ನೇ ನಂಬಿದ ಎಷ್ಟೋ ಸಂಸಾರಗಳು ಬವಣೆಪಟ್ಟವು. ಆದರೆ ಕಾಲು ಸೋತಿತೆಂದು ಕೈ, ಬುದ್ಧಿ ಸೋಲುವುದಿಲ್ಲವಲ್ಲ!

ಮನೆಯವರು ಸರ್ಕಾರಿ ನೌಕರಿಯಲ್ಲಿದ್ದಾರೆ, ಅಪಘಾತವಾಗಿ ಕಾಲು ಹೋಯಿತು ಅಂತಿಟ್ಟುಕೊಳ್ಳಿ. "ಇನ್ನು ನಿಮ್ಮಿಂದಾಗದು, ರಾಜೀನಾಮೆ ಬರೆದುಕೊಡಿ" ಎಂದು ಯಾರಾದರೂ ಹೇಳಿದರೆ ಅವಸರಪಟ್ಟು ಸಹಿ ಹಾಕಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 20ನೇ ಕಲಮಿನ ಪ್ರಕಾರ, ಸೇವೆಯಲ್ಲಿದ್ದಾಗ ವೈಕಲ್ಯ ಬಂತೆಂದು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಅಂಥ ಹುದ್ದೆ ಖಾಲಿ ಇಲ್ಲದಿದ್ದರೆ, ಸಿಗುವ ತನಕ ಅಥವಾ ನಿವೃತ್ತಿಯ ತನಕ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು.

ಹಿಂದೆ 1995ರ ಕಾಯಿದೆಯಲ್ಲೂ ಈ ರಕ್ಷಣೆ ಇತ್ತು. ಕರ್ತವ್ಯದಲ್ಲಿ ಪೆಟ್ಟಾಗಿ ಕಾಲು ಕಳೆದುಕೊಂಡ ಕುನಾಲ್ ಸಿಂಗ್ ಎಂಬ ಕಾನ್‌ಸ್ಟೆಬಲ್‌ರನ್ನು ಸೇವೆಯಿಂದ ಬಿಡಿಸಿದ್ದರು. 2003ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತಿತು. ಪಿಂಚಣಿ ಕೊಟ್ಟಿದ್ದೇವೆಂಬ ನೆಪದಲ್ಲಿ ಈ ಹಕ್ಕನ್ನು ತಪ್ಪಿಸಲಾಗದೆಂದಿತು.

ಹೊಸದಾಗಿ ಕೆಲಸ ಹುಡುಕುವ ಮಕ್ಕಳಿಗೂ ಕಾಯಿದೆಯಲ್ಲಿ ದಾರಿಯಿದೆ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡಾ 4 ಮೀಸಲು. ಅದಕ್ಕೆ ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರ ಬೇಕು. ಕೆಲಸ ಸಿಕ್ಕ ಮೇಲೆ ನೆಲ ಅಂತಸ್ತಿನಲ್ಲಿ ಮೇಜು, ಗಾಲಿಕುರ್ಚಿಗೆ ಇಳಿಜಾರು ದಾರಿ, ಕಣ್ಣು ಕಾಣದವರಿಗೆ ಓದಿ ಹೇಳುವ ಕಂಪ್ಯೂಟರ್ ಇಂಥವನ್ನು ಕೇಳುವುದು ಅಂಗಲಾಚುವುದಲ್ಲ. ಕಚೇರಿಗೆ ಮಿತಿಮೀರಿದ ಹೊರೆಯಾಗದಂತೆ ಅನುಕೂಲ ಮಾಡಿಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ.

ಏನು ಮಾಡಬೇಕು? ಬಾಯಿಮಾತು ಬಿಟ್ಟು ಅರ್ಜಿ ಬರೆದುಕೊಡಿ, ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ವೈದ್ಯರ ಚೀಟಿ, ಆದೇಶಗಳನ್ನೆಲ್ಲ ಜೋಪಾನವಾಗಿಡಿ. ಸರ್ಕಾರಿ ಕಚೇರಿಯಲ್ಲಿ ಇದಕ್ಕೆಂದೇ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ದಾಖಲಾದ ಎರಡು ವಾರದೊಳಗೆ ಅವರು ವಿಚಾರಣೆ ಮಾಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಜಿಲ್ಲಾ ಮಟ್ಟದ ಸಮಿತಿ ಇದೆ, ಬೆಂಗಳೂರಿನಲ್ಲಿ ರಾಜ್ಯ ಆಯುಕ್ತರಿದ್ದಾರೆ.

ಒಂದು ಮಾತು ನೆನಪಿರಲಿ: 20ನೇ ಕಲಮಿನ ಈ ರಕ್ಷಣೆ ಸರ್ಕಾರಿ ಸಂಸ್ಥೆಗಳಿಗೆ ಸೇರಿದ್ದು. ಖಾಸಗಿಯವರೂ ಸಮಾನ ಅವಕಾಶದ ನೀತಿ ಪ್ರಕಟಿಸಬೇಕು ನಿಜ, ಆದರೆ ಅಲ್ಲಿ ಹಿಡಿತ ಸಡಿಲ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಸುಮ್ಮನಿರಬೇಡಿ. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೂ ಅಂಗವಿಕಲರಿಗೂ ಉಚಿತ ನೆರವು ಸಿಗುತ್ತದೆ. ಮನೆಯವರು ಸೋತು ಕೂತಾಗ, ಆ ಮೆಟ್ಟಿಲನ್ನು ನೀವೇ ಹತ್ತಿ ಬನ್ನಿ.