ಶ್ವೇತಭವನದ ತಾರಸಿ ಹೇಳುವ ಪಾಠ

ಸೋಲಾರ್ ವಾಟರ್ ಹೀಟರ್ ಹೇಗೆ ಕೆಲಸ ಮಾಡುತ್ತದೆಂದು ಪಾಠ ಮಾಡಿದ ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ಇಷ್ಟು ಸುಲಭವಾದ ಉಪಕರಣವನ್ನು ಶ್ರೀಮಂತ ದೇಶಗಳು ಎಂದೋ ಮನೆಮನೆಗೂ ಹಾಕಬಹುದಿತ್ತಲ್ಲ?’ ಎಂದಳು. ವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಅಮೆರಿಕದ ಅಧ್ಯಕ್ಷರ ಮನೆಯ ತಾರಸಿಯ ಕತೆಯಲ್ಲಿ ಸ್ವಲ್ಪ ಇದೆ.

1973ರಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ಕೊಡುವುದನ್ನು ನಿಲ್ಲಿಸಿದವು. ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳು ಸಾಲುಗಟ್ಟಿದವು. 1977ರಲ್ಲಿ ಅಧ್ಯಕ್ಷರಾದ ಡೆಮಾಕ್ರಟಿಕ್ ಪಕ್ಷದ ಜಿಮ್ಮಿ ಕಾರ್ಟರ್ ಅದೇ ವರ್ಷ ಇಂಧನ ಇಲಾಖೆಯನ್ನು ಸ್ಥಾಪಿಸಿದರು. 1979ರ ಜೂನ್ 20ರಂದು ಶ್ವೇತಭವನದ ಮೇಲೆ 32 ಸೌರ ಫಲಕಗಳನ್ನು ಉದ್ಘಾಟಿಸಿದರು. ಇವು ವಿದ್ಯುತ್ ಕೊಡುವ ಫಲಕಗಳಲ್ಲ, ನೀರು ಕಾಯಿಸುವಂಥವು. ಕಪ್ಪು ತಗಡು ಬಿಸಿಲನ್ನು ಹೀರುತ್ತದೆ. ಮೇಲಿನ ಗಾಜು ಶಾಖವನ್ನು ಹೊರಬಿಡದೆ ತಡೆಯುತ್ತದೆ. ಅಷ್ಟೇ ತಂತ್ರ. ಇನ್ನೊಂದು ತಲೆಮಾರಿನ ನಂತರ ಇವು ವಸ್ತುಸಂಗ್ರಹಾಲಯ ಸೇರಬಹುದು ಅಥವಾ ದೊಡ್ಡ ಸಾಹಸವೊಂದರ ಸಣ್ಣ ಭಾಗವಾಗಬಹುದು ಎಂದು ಕಾರ್ಟರ್ ಆ ದಿನ ಹೇಳಿದ್ದರು.

1980ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ರೊನಾಲ್ಡ್ ರೇಗನ್ ಗೆದ್ದರು. ಸೌರ ಸಂಶೋಧನೆಯ ಹಣಕ್ಕೆ ಕತ್ತರಿ ಬಿತ್ತು. ಮನೆಗೆ ಸೋಲಾರ್ ಹಾಕಿಸುವವರಿಗಿದ್ದ ತೆರಿಗೆ ರಿಯಾಯಿತಿ 1985ರ ಕೊನೆಗೆ ಮುಗಿಯಿತು. 1986ರಲ್ಲಿ ಚಾವಣಿ ದುರಸ್ತಿಗೆಂದು ಇಳಿಸಿದ ಫಲಕಗಳು ಮತ್ತೆ ಮೇಲೇರಲಿಲ್ಲ.

ರೇಗನ್ ಕಡೆಯ ವಾದವನ್ನೂ ಕೇಳಬೇಕು. ಯಾವ ಇಂಧನ ಉಳಿಯಬೇಕೆಂಬುದನ್ನು ಮಾರುಕಟ್ಟೆ ತೀರ್ಮಾನಿಸಲಿ, ಜನರ ತೆರಿಗೆ ಹಣವಲ್ಲ ಎಂದರು. 1986ರಲ್ಲಿ ತೈಲದ ಬೆಲೆಯೂ ಕುಸಿದಿತ್ತು. ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಆದರೆ ಅಗ್ಗದ ತೈಲ ಶಾಶ್ವತವಲ್ಲ. ಪ್ರಯೋಗಶಾಲೆಗೆ ಒಮ್ಮೆ ಬೀಗ ಹಾಕಿದರೆ ಕಲಿತವರು ಚದುರಿಹೋಗುತ್ತಾರೆ; ಬೆಲೆ ಏರಿದಾಗ ಮತ್ತೆ ಅ, ಆ, ಇ, ಈಯಿಂದ ಶುರು ಮಾಡಬೇಕು.

ಬಿಸಿಲಿಗೆ ಪಕ್ಷವಿಲ್ಲ ಎಂಬುದಕ್ಕೂ ಅದೇ ಮನೆ ಸಾಕ್ಷಿ. ರಿಪಬ್ಲಿಕನ್ ಜಾರ್ಜ್ ಡಬ್ಲ್ಯು. ಬುಷ್ ಕಾಲದಲ್ಲಿ, 2003ರಲ್ಲಿ, ಆ ಆವರಣಕ್ಕೆ ಸೋಲಾರ್ ಮರಳಿ ಬಂತು. ಆದರೆ ಕಾನೂನಿನ ವಿಷಯಕ್ಕೆ ಬಂದಾಗ ಹಗ್ಗಜಗ್ಗಾಟ ನಿಲ್ಲಲಿಲ್ಲ. 2022ರಲ್ಲಿ ಬೈಡನ್ ಕಾಲದಲ್ಲಿ ಸೌರಶಕ್ತಿಗೆ ರಿಯಾಯಿತಿ ಕೊಟ್ಟ ಕಾಯಿದೆಗೆ ರಿಪಬ್ಲಿಕನ್ನರ ಒಂದು ಮತವೂ ಬೀಳಲಿಲ್ಲ. 2025ರಲ್ಲಿ ಟ್ರಂಪ್ ಕಾಲದಲ್ಲಿ ಅವುಗಳಲ್ಲಿ ಹಲವನ್ನು ಮೊಟಕುಗೊಳಿಸಿದ ಕಾಯಿದೆಗೆ ಡೆಮಾಕ್ರಟರ ಒಂದು ಮತವೂ ಬೀಳಲಿಲ್ಲ.

ವಿದ್ಯುತ್ ಸ್ಥಾವರವೊಂದರ ಆಯಸ್ಸು 25, 30 ವರ್ಷ. ಅಮೆರಿಕದ ಅಧ್ಯಕ್ಷರ ಅವಧಿ 4 ವರ್ಷ. ಲೆಕ್ಕ ತಪ್ಪುವುದು ಇಲ್ಲಿಯೇ. ಗೆದ್ದ ಪಕ್ಷವೆಲ್ಲ ಹಿಂದಿನವರು ನೆಟ್ಟ ಸಸಿಯನ್ನು ಕಿತ್ತು ನೋಡುತ್ತ ಕೂತರೆ ಬೇರು ಬಿಡುವುದು ಯಾವಾಗ?

ಕಾರ್ಟರ್ ಮಾತಿನ ಮೊದಲರ್ಧ ನಿಜವಾಯಿತು. ಆ ಫಲಕಗಳಲ್ಲೊಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೊಂದು ಚೀನಾದ ದೆಝೌ ನಗರದ ಸೌರ ಸಂಗ್ರಹಾಲಯ ಸೇರಿತು. ಇಂದು ಜಗತ್ತಿನ ಸೌರ ವಿದ್ಯುತ್ ಫಲಕಗಳಲ್ಲಿ ಹತ್ತಕ್ಕೆ ಎಂಟು ಚೀನಾದಲ್ಲೇ ತಯಾರಾಗುತ್ತವೆ.

ಪಾಲಕರಲ್ಲಿ ಒಂದು ವಿನಂತಿ. ಮನೆಯಲ್ಲಿ ರಾಜಕೀಯದ ಮಾತು ಬಂದಾಗ ಮಕ್ಕಳನ್ನು ಎಬ್ಬಿಸಿ ಕಳುಹಿಸಬೇಡಿ. ಯಾವ ನಾಯಕರೇ ವಿದ್ಯುತ್ತಿನ ಯೋಜನೆ ಘೋಷಿಸಲಿ, ‘ಇದಕ್ಕೆ ಹಣ ಕೊಡುವವರು ಯಾರು? ಇವರು ಸೋತ ಮೇಲೂ ಇದು ಉಳಿಯುತ್ತದೆಯೇ?’ ಎಂದು ಕೇಳುವುದನ್ನು ಕಲಿಸಿ. ಪಕ್ಷ ಯಾವುದೆಂದು ಆಮೇಲೆ ಕೇಳಿದರಾಯಿತು.