ಮಂಕಾದ ಕೆಂಪು ದೀಪಗಳ ಬಗ್ಗೆ ಸಾರಿಗೆ ಆಯುಕ್ತರಿಗೆ

ಮಾನ್ಯ ಸಾರಿಗೆ ಆಯುಕ್ತರೇ,

ಬಿಸಿಲಿಗೆ ಬಣ್ಣ ಹೋದ ಕಾರಿನ ಹಿಂದಿನ ಲೈಟುಗಳಿಗೆ ಮನೆಯಲ್ಲೇ ಬಣ್ಣ ಹೊಡೆಯುವುದು, ಅವುಗಳ ಮೇಲೆ ಕಪ್ಪು ಫಿಲ್ಮ್ ಅಂಟಿಸುವುದು ಈಗ ಎಲ್ಲ ಊರುಗಳಲ್ಲೂ ಕಾಣುತ್ತಿದೆ. ಇದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಇಲಾಖೆ ಜನರಿಗೆ ಬಿಡಿಸಿ ಹೇಳಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಸಕಲೇಶಪುರದವನು. ಶಿರಾಡಿ ಘಾಟಿಯಲ್ಲಿ ಮಳೆಯೂ ಮಂಜೂ ಒಟ್ಟಿಗೆ ಕವಿದಾಗ ಮುಂದೊಂದು ಗಾಡಿ ಇದೆ ಎಂದು ತಿಳಿಯುವುದೇ ಅದರ ಹಿಂದಿನ ಎರಡು ಕೆಂಪು ದೀಪಗಳಿಂದ.

ಬಣ್ಣ ಹೊಡೆಯುವವರೆಲ್ಲ ಶೋಕಿಗಾಗಿ ಹೊಡೆಯುವುದಿಲ್ಲ. ಮಾರುತಿ 800, ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಅವನ್ನು ಪ್ರೀತಿಯಿಂದಲೋ ಅನಿವಾರ್ಯದಿಂದಲೋ ಓಡಿಸುವವರು ಇನ್ನೂ ಇದ್ದಾರೆ. ಇಂಥ ಹಳೆಯ ಕಾರುಗಳ ಲೈಟಿನ ಕವರು ಒಡೆದರೆ ಹಲವರ ಕೈಗೆ ಸಿಗುವುದು ತಯಾರಕರ ಹೆಸರೂ ಇಲ್ಲದ ಡಬ್ಬಿಯಲ್ಲಿ ಬರುವ ಮಾಲು. ಅದರ ಕೆಂಪು ಬೇಗ ತಿಳಿಯಾಗುತ್ತದೆ. ಆಗ ಅವರು ಕೆಂಪು ಟೇಪು, ಗ್ಲಾಸ್ ಪೇಂಟು, ಸ್ಪ್ರೇ ಡಬ್ಬಿ, ಕಡೆಗೆ ಮನೆಯಲ್ಲಿರುವ ನೇಲ್ ಪಾಲಿಶ್ ಹೀಗೆ ಸಿಕ್ಕಿದ್ದನ್ನು ಹಚ್ಚುತ್ತಾರೆ. ಇನ್ನೊಂದು ಗುಂಪು ಹೊಸ ಕಾರಿನವರದು. ದೀಪ ಚೆನ್ನಾಗಿಯೇ ಇದ್ದರೂ ಬೇಕೆಂದೇ ಅದನ್ನು ಕಪ್ಪಾಗಿಸುತ್ತಾರೆ. 'ಸ್ಮೋಕ್' ಎಂಬ ಹೆಸರಿನ ಸ್ಪ್ರೇ, ಫಿಲ್ಮ್ ಎರಡೂ ಇಂದು ಮನೆ ಬಾಗಿಲಿಗೇ ಬರುತ್ತವೆ. ದಯವಿಟ್ಟು ಈ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮೊದಲನೆಯವರಿಗೆ ತಿಳಿವಳಿಕೆ ಬೇಕು, ಎರಡನೆಯವರಿಗೆ ತಡೆ ಬೇಕು.

ತಿಳಿವಳಿಕೆ ಎಂದರೆ ಏನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹಳೆಯ ಕಾರುಗಳನ್ನು ಬಿಚ್ಚಿ ಜೋಡಿಸುವುದು ನನ್ನ ಬಹುಕಾಲದ ಹವ್ಯಾಸ. ಹಿಂದಿನ ಲೈಟಿನ ಕವರು ಸಾಮಾನ್ಯವಾಗಿ ಅಕ್ರಿಲಿಕ್ ಪ್ಲಾಸ್ಟಿಕ್ಕಿನದು. ಅದರ ಕೆಂಪು ಮೇಲೆ ಬಳಿದದ್ದಲ್ಲ, ಅಚ್ಚಿಗೆ ಹಾಕುವಾಗಲೇ ಪ್ಲಾಸ್ಟಿಕ್ಕಿನಲ್ಲಿ ಬೆರೆತದ್ದು. ಬಿಸಿಲಿನ ನೇರಳಾತೀತ ಕಿರಣ ಮೊದಲು ಕೆಡಿಸುವುದು ಮೇಲಿನ ತೆಳು ಪದರವನ್ನು. ಅದರ ಮೇಲೆ ಧೂಳಿನ ಬಟ್ಟೆಯಿಂದ ಒರೆಸಿದ ಗೀರುಗಳೂ ಸೇರಿ ಕವರು ಬಿಳಿಚಿಕೊಳ್ಳುತ್ತದೆ. ಹಾಗಾಗಿ ಎಷ್ಟೋ ಕಾರುಗಳಿಗೆ ಹೊಸ ಬಣ್ಣ ಬೇಕಾಗಿಯೇ ಇರುವುದಿಲ್ಲ. ಕವರನ್ನು ಸೋಪಿನ ನೀರಿನಲ್ಲಿ ತೊಳೆದು, ನೀರು ಬಿಡುತ್ತಾ 1000, 1500, 2000 ನಂಬರಿನ ವಾಟರ್ ಪೇಪರಿನಲ್ಲಿ ಒಂದಾದ ಮೇಲೊಂದರಂತೆ ತಿಕ್ಕಿ, ಕಡೆಗೆ ರಬ್ಬಿಂಗ್ ಕಾಂಪೌಂಡ್ ಹಾಕಿ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರೆ ಅಡಿಯಲ್ಲಿದ್ದ ಅಸಲಿ ಕೆಂಪು ಮೇಲೆ ಬರುತ್ತದೆ. ಕೆಸರಿನಂಥ ಗುಲಾಬಿ ನೀರು ಇಳಿದು ಹೋಗಿ ಬಣ್ಣ ತೆರೆದುಕೊಳ್ಳುವುದನ್ನು ನೋಡುವ ಸಂತೋಷವೇ ಬೇರೆ. ಇದನ್ನು ಯಾರು ಬೇಕಾದರೂ ಮನೆಯಂಗಳದಲ್ಲಿ ಮಾಡಬಹುದು, ಮಾಡಬೇಕು. ಆಳದವರೆಗೂ ಬಣ್ಣ ಹೋಗಿ ಗುಲಾಬಿಯಾಗಿದ್ದರೆ ಮಾತ್ರ ಕವರನ್ನೇ ಬದಲಿಸುವುದು ವಾಸಿ.

ಕವರಿನಷ್ಟೇ ಗಮನ ಒಳಗಿನದಕ್ಕೂ ಬೇಕು. ಬಲ್ಬು ಕಪ್ಪಾಗಿದ್ದರೆ, ಅದರ ಸುತ್ತಲಿನ ಬೆಳ್ಳಿಯಂಥ ಬಟ್ಟಲು ಧೂಳು ಕುಡಿದಿದ್ದರೆ, ಅರ್ಥಿಂಗ್ ಜಾಗ ತುಕ್ಕು ಹಿಡಿದಿದ್ದರೆ ಹೊರಗೆ ಎಷ್ಟು ಉಜ್ಜಿದರೂ ಬೆಳಕು ಹೆಚ್ಚುವುದಿಲ್ಲ. ಬ್ರೇಕ್ ಒತ್ತಿದಾಗ ಪಕ್ಕದ ಇಂಡಿಕೇಟರೂ ಸಣ್ಣಗೆ ಉರಿಯುತ್ತಿದೆ ಎಂದರೆ ಬಹುಮಟ್ಟಿಗೆ ಅರ್ಥಿಂಗಿನದೇ ತೊಂದರೆ.

ಇನ್ನು ಬಣ್ಣದ ವಿಚಾರ. ಥಿನ್ನರ್ ತಾಗಿದರೆ ಅಕ್ರಿಲಿಕ್ಕಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಏಳುತ್ತದೆ. ಪಾರದರ್ಶಕ ಕೆಂಪು ಕೈಯಿಂದ ಹೊಡೆದಾಗ ಒಂದೇ ಸಮನಾಗಿ ಕೂರುವುದು ಕಷ್ಟ, ಎರಡು ಕೋಟು ಹೆಚ್ಚಾದರೆ ಬೆಳಕೇ ಹೊರಬರುವುದಿಲ್ಲ. ಬಣ್ಣ ಚೆನ್ನಾಗಿ ಕೂತಿದೆಯೇ ಎಂದು ಎಲ್ಲರೂ ನೋಡುವುದು ದೀಪ ಆರಿಸಿ, ಹಗಲು ಬೆಳಕಿನಲ್ಲಿ, ಎರಡು ಹೆಜ್ಜೆ ದೂರದಿಂದ. ಹಿಂದೆ ಬರುವ ಚಾಲಕನಿಗೆ ಆ ನೋಟ ಬೇಕಿಲ್ಲ, ದೀಪ ಉರಿದಾಗ ಬರುವ ಬೆಳಕು ಬೇಕು. ಸಾಮಾನ್ಯ ಬಲ್ಬಿನ ಕಾರುಗಳಲ್ಲಿ ರಾತ್ರಿ ಉರಿಯುವ ತಂತು 5 ವ್ಯಾಟಿನದು, ಬ್ರೇಕಿನದು 21 ವ್ಯಾಟ್. ಈ ಅಂತರದಿಂದಲೇ ಮುಂದಿನವನು ಬ್ರೇಕ್ ಒತ್ತಿದ್ದು ಹಿಂದಿನವನಿಗೆ ತಿಳಿಯುವುದು. ಕಪ್ಪು ಬಳಿದ ದೀಪದಲ್ಲಿ, ಅದೂ ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ಬ್ರೇಕ್ ಬಿದ್ದದ್ದು ಕಾಣಿಸುವುದೇ ಇಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡು ತಡವಾಗಿ ತಿಳಿದರೆ ಗಾಡಿ 22 ಮೀಟರ್ ಮುಂದೆ ಹೋಗಿರುತ್ತದೆ.

ಬಹಳ ಜನರ ಗಮನಕ್ಕೆ ಬರದ ಇನ್ನೊಂದು ಸಂಗತಿ ಇದೆ. ಅನೇಕ ಕಾರುಗಳಲ್ಲಿ ಹಿಂದಿನ ಲೈಟಿನ ಕವರಿನಲ್ಲೇ ಒಂದು ಕಡೆ ಜೇನುಗೂಡಿನಂಥ ಸಣ್ಣ ಪಟ್ಟಕಗಳಿರುತ್ತವೆ. ಅದು ರಿಫ್ಲೆಕ್ಟರ್. ಬ್ಯಾಟರಿ ಸತ್ತು ಕಾರು ರಸ್ತೆಬದಿ ನಿಂತಾಗ ಹಿಂದಿನಿಂದ ಬಿದ್ದ ಬೆಳಕನ್ನು ಅದೇ ದಾರಿಯಲ್ಲಿ ವಾಪಸು ಕಳಿಸಿ 'ಇಲ್ಲಿ ಗಾಡಿ ಇದೆ' ಎಂದು ಹೇಳುವುದು ಅದೊಂದೇ. ಫಿಲ್ಮ್ ಅರ್ಧದಷ್ಟು ಬೆಳಕನ್ನು ತಡೆಯುತ್ತದೆ ಎಂದಿಟ್ಟುಕೊಳ್ಳಿ. ದೀಪದ ಬೆಳಕು ಅದನ್ನು ಒಮ್ಮೆ ದಾಟುತ್ತದೆ, ಅರ್ಧ ಉಳಿಯುತ್ತದೆ. ರಿಫ್ಲೆಕ್ಟರಿಗೆ ಬರುವ ಬೆಳಕು ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ ದಾಟಬೇಕು. ಉಳಿಯುವುದು ಕಾಲು ಭಾಗ. ಸ್ಮೋಕ್ ಫಿಲ್ಮಿನ ಬಗ್ಗೆ ನನಗೆ ಅತಿ ಹೆಚ್ಚು ಭಯವಿರುವುದು ಈ ಕಾರಣಕ್ಕೆ.

ಕಾನೂನು ತಮಗೆ ನನಗಿಂತ ಚೆನ್ನಾಗಿ ಗೊತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮದ ಪ್ರಕಾರ ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು. ನಿಯಮ ಇದೆ, ಅದನ್ನು ನೋಡುವ ಕಣ್ಣಿಲ್ಲ. ಬಾಡಿಗೆ ಗಾಡಿಗಳು ಎಫ್‌ಸಿ ಎಂಬ ಅರ್ಹತಾ ಪತ್ರಕ್ಕೆಂದು ಆಗಾಗ ಆರ್‌ಟಿಒ ಮುಂದೆ ನಿಲ್ಲುತ್ತವೆ. ಸ್ವಂತ ಕಾರಿಗೆ ನೋಂದಣಿ 15 ವರ್ಷದ್ದು. ಮಾಲೀಕರು ಬದಲಾಗದೆ ಇದ್ದರೆ ಅಲ್ಲಿಯವರೆಗೆ ಅದರ ದೀಪಗಳನ್ನು ಯಾವ ಅಧಿಕಾರಿಯೂ ಪರೀಕ್ಷಿಸದೆ ಇರಬಹುದು. 2012ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ನಂತರ ಕಿಟಕಿಯ ಕಪ್ಪು ಫಿಲ್ಮುಗಳನ್ನು ಪೊಲೀಸರು ರಸ್ತೆಯಲ್ಲೇ ಕೀಳಿಸಿದರು. 2024ರಲ್ಲಿ ಕಣ್ಣು ಕುಕ್ಕುವ ಹೆಡ್‌ಲೈಟುಗಳ ಮೇಲೆ ರಾಜ್ಯದಲ್ಲಿ ಪ್ರಕರಣಗಳು ದಾಖಲಾದವು. ಎರಡೂ ಒಳ್ಳೆಯ ಕೆಲಸ. ಅದೇ ಕಾಳಜಿ ಹಿಂದಿನ ದೀಪಕ್ಕೂ ಸಿಗಲಿ ಎಂಬುದಷ್ಟೇ ನನ್ನ ಆಸೆ.

ದಾರಿ ಈಗಾಗಲೇ ತಮ್ಮ ಕೈಯಲ್ಲಿದೆ. ಒಂದು ವರ್ಷ ದಾಟಿದ ಪ್ರತಿ ಪೆಟ್ರೋಲ್, ಡೀಸೆಲ್ ಕಾರೂ ವರ್ಷಕ್ಕೊಮ್ಮೆಯಾದರೂ ಹೊಗೆ ತಪಾಸಣೆ ಕೇಂದ್ರಕ್ಕೆ ಹೋಗಬೇಕು. ಅಲ್ಲಿನ ಹುಡುಗ ಸೈಲೆನ್ಸರಿಗೆ ನಳಿಕೆ ಹಾಕಲು ಕಾರಿನ ಹಿಂದೆಯೇ ನಿಲ್ಲುತ್ತಾನೆ, ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾನೆ. ದೀಪಗಳು ಅವನ ಮೊಣಕೈ ದೂರದಲ್ಲಿರುತ್ತವೆ. 'ಬ್ರೇಕ್ ಒತ್ತಿ ಸರ್' ಎಂದು ಕೇಳಿ, ಉರಿಯದ, ಮಂಕಾದ, ಕಪ್ಪು ಬಳಿದ ದೀಪವಿದ್ದರೆ ಒಂದು ಚೀಟಿಯಲ್ಲಿ ಬರೆದು ಕೊಡುವಂತೆ ಆ ಕೇಂದ್ರಗಳಿಗೆ ಸೂಚಿಸಿ. ಮೊದಲ ವರ್ಷ ದಂಡ ಬೇಡ, ಚೀಟಿ ಸಾಕು. ನಮ್ಮ ಜನ ಕೆಟ್ಟವರಲ್ಲ, ಹೇಳಿದರೆ ಸರಿ ಮಾಡಿಸಿಕೊಳ್ಳುತ್ತಾರೆ. ಬಿಳಿಚಿದ ಕವರನ್ನು ಉಜ್ಜಿ ತಿಳಿಗೊಳಿಸಬಹುದು, ಮೇಲೆ ಬಣ್ಣ, ಫಿಲ್ಮ್ ಹಾಕಬಾರದು, ರಿಫ್ಲೆಕ್ಟರ್ ಮುಚ್ಚಲೇಬಾರದು ಎಂದು ಸರಳ ಕನ್ನಡದಲ್ಲಿ ಒಂದು ಪುಟ ಮುದ್ರಿಸಿ ಆರ್‌ಟಿಒಗಳಲ್ಲಿ, ಡ್ರೈವಿಂಗ್ ಶಾಲೆಗಳಲ್ಲಿ ಅಂಟಿಸಿ. ಸ್ಮೋಕ್ ಫಿಲ್ಮ್ ಮಾರುವ ಅಂಗಡಿಗಳಿಗೆ, ಆನ್‌ಲೈನ್ ಮಾರಾಟಗಾರರಿಗೆ ಎಚ್ಚರಿಕೆ ಹೋಗಲಿ. ತಯಾರಿಕೆ ನಿಂತ ಮಾದರಿಗಳಿಗೆ ಗುಣಮಟ್ಟದ ಮುದ್ರೆಯಿರುವ ಕವರುಗಳು ಸಿಗುವಂತೆ ಕಾರು ಕಂಪನಿಗಳೊಡನೆ ತಾವೇ ಮಾತಾಡಿದರೆ ಹಳೆಯ ಕಾರಿನವರಿಗೆ ದೊಡ್ಡ ಉಪಕಾರ.

ಮುಂಗಾರಿಗೆ ಮೊದಲು ಆ ಒಂದು ಪುಟವಾದರೂ ಹೊರಬಂದರೆ ಘಾಟಿಯ ಎರಡೂ ಬದಿಯ ಗ್ಯಾರೇಜುಗಳಿಗೆ ಹಂಚುವ ಕೆಲಸ ನನಗೆ ಬಿಡಿ. ಉಜ್ಜುವುದು ಹೇಗೆಂದು ತೋರಿಸಿಕೊಡಲೂ ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸಕಲೇಶಪುರದ ಒಬ್ಬ ಹಳೆ ಕಾರಿನ ಮಾಲೀಕ