ಪತ್ರ ಕಳೆದುಹೋದರೆ ಅಮಾನತ್ ಕಳೆಯುವುದೇ?

ತಂದೆ ತೀರಿಕೊಂಡು ಎರಡು ತಿಂಗಳಾಗಿತ್ತು, ತಾಯಿ ಇನ್ನೂ ಇದ್ದತ್‌ನಲ್ಲಿದ್ದರು. ನಾನು ಹತ್ತಿರದಿಂದ ಬಲ್ಲ ಆ ಕುಟುಂಬದವರು ಕಬ್ಬಿಣದ ಬೀರು ತೆರೆದಾಗ ಹಳೆಯ ಕಂದಾಯ ರಶೀದಿಗಳೂ ಕುಟುಂಬ ಟ್ರಸ್ಟ್ ಪತ್ರದ ಒಂದು ಜೆರಾಕ್ಸ್ ಪ್ರತಿಯೂ ದೊರೆತವು. ಮೂಲ ಪತ್ರವಿರಲಿಲ್ಲ. ಜೆರಾಕ್ಸ್‌ನಲ್ಲಿ ಕೊನೆಯ ಹಾಳೆಯೂ ಇರಲಿಲ್ಲ. ನಾಲ್ಕು ಅಂಗಡಿಗಳ ಬಾಡಿಗೆ ಯಾರಿಗೆ ಸಲ್ಲಬೇಕೆಂಬುದು ಆ ಹಾಳೆಯಲ್ಲೇ ಇತ್ತೆಂದು ತಾಯಿ ಹೇಳುತ್ತಿದ್ದರು. ಹಿರಿಯ ಮಗ, "ಇದು ಟ್ರಸ್ಟಿನ ಆಸ್ತಿ, ನಾನು ನೋಡಿಕೊಳ್ಳುತ್ತೇನೆ" ಎಂದ. ಎರಡನೆಯವನು, "ಪತ್ರವೇ ಇಲ್ಲದ ಮೇಲೆ ಟ್ರಸ್ಟ್ ಎಲ್ಲಿಯದು? ಪಾಲು ಮಾಡೋಣ" ಎಂದ. ಹೆಣ್ಣುಮಕ್ಕಳನ್ನು ಯಾರೂ ಕೇಳಲಿಲ್ಲ. ತಂದೆ ಪ್ರತಿ ತಿಂಗಳೂ ಹಣ ಕಳುಹಿಸುತ್ತಿದ್ದ ವಿಧವೆ ಸೋದರತ್ತೆಗೆ ಆ ತಿಂಗಳು ಏನೂ ಹೋಗಲಿಲ್ಲ.

ಇಬ್ಬರು ಮಕ್ಕಳ ಮಾತೂ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ತಂದೆ ನಿಜವಾಗಿಯೂ ಆಸ್ತಿಯನ್ನು ಟ್ರಸ್ಟಿಗೆ ಒಪ್ಪಿಸಿದ್ದರೆ ಅದನ್ನು ಮೀರಾಸ್ ಎಂದು ಹಂಚಿಕೊಳ್ಳುವುದು ಪರರ ಹಕ್ಕಿನ ಕಬಳಿಕೆ. ಒಪ್ಪಿಸಿರದಿದ್ದರೆ, ಟ್ರಸ್ಟ್ ಎಂಬ ಹೆಸರಿನ ನೆರಳಿನಲ್ಲಿ ಸಹೋದರಿಯರ ಪಾಲನ್ನು ತಡೆಹಿಡಿಯುವುದೂ ಕಬಳಿಕೆಯೇ. ನಮ್ಮ ಮನೆಗಳಲ್ಲಿ ಎರಡನೆಯದೇ ಹೆಚ್ಚು. ಕಾಗದ ಕಾಣೆಯಾದಾಗ ಲಾಭವಾಗುವುದು ಬೀಗದ ಕೈ ಯಾರ ಬಳಿ ಇದೆಯೋ ಅವರಿಗೆ.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಕುರಿತಾದುದು? ನಮಾಝಿನದ್ದಲ್ಲ, ಉಪವಾಸದ್ದಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂಬ ಆದೇಶ ಅದು (2:282). ಅದೇ ಅಧ್ಯಾಯದಲ್ಲಿ, ವಸಿಯ್ಯತನ್ನು ಕೇಳಿಸಿಕೊಂಡ ಬಳಿಕ ಬದಲಿಸಿದರೆ ಅದರ ಪಾಪ ಬದಲಿಸಿದವರ ಮೇಲಿದೆ ಎಂದು ಎಚ್ಚರಿಸಲಾಗಿದೆ (2:181). ಅಲ್ಲಿ ಮಾತು 'ಕೇಳಿಸಿಕೊಂಡವರ' ಕುರಿತಾಗಿದೆ. ತಂದೆಯ ಬಾಯಿಂದ ಕೇಳಿದ ಮಗನಿಗೆ, ಕಾಗದ ಸಿಗಲಿಲ್ಲ ಎಂಬುದು ಅಲ್ಲಾಹನ ಮುಂದೆ ನೆಪವಾಗದು. ಹಝ್ರತ್ ಉಮರ್(ರ) ಖೈಬರಿನಲ್ಲಿ ತಮಗೆ ದೊರೆತ ಭೂಮಿಯ ಬಗ್ಗೆ ಪ್ರವಾದಿವರ್ಯರ(ಸ) ಸಲಹೆ ಪಡೆದು ಅದನ್ನು ವಕ್ಫ್ ಮಾಡಿದರು. ಆ ಭೂಮಿಯನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಅದು ಮೀರಾಸಾಗಿ ಹಂಚಿಕೆಯಾಗುವಂತಿಲ್ಲ. ಬಡವರು, ಬಂಧುಗಳು, ಪ್ರಯಾಣಿಕರು ಫಲಾನುಭವಿಗಳು. ಅದನ್ನು ಅವರು ಬರೆಸಿಟ್ಟರು, ತಮ್ಮ ನಂತರದ ಉಸ್ತುವಾರಿಯನ್ನು ಮಗಳು ಹಫ್ಸಾ(ರ)ರಿಗೆ ವಹಿಸಿದರು. ಆಸ್ತಿಯ ಮಾತು ಬಂದಾಗ ಹೆಣ್ಣುಮಕ್ಕಳನ್ನು ಅಡುಗೆಮನೆಗೆ ಕಳುಹಿಸುವವರು ಇದನ್ನು ಗಮನಿಸಬೇಕು.

ಹಾಗಾದರೆ ಮಾಡಬೇಕಾದುದೇನು? ಮೊದಲು ಹುಡುಕಾಟ, ಅದೂ ಎಲ್ಲ ವಾರಸುದಾರರ ಸಮ್ಮುಖದಲ್ಲಿ. ಒಬ್ಬನೇ ಬೀರು ತೆರೆದರೆ ಅವನು ಪ್ರಾಮಾಣಿಕನಾಗಿದ್ದರೂ ಸಂಶಯ ತಪ್ಪದು. ತಂದೆ ಎಂದಾದರೂ ಸಾಲ ಪಡೆದಿದ್ದರೆ ಮೂಲ ಪತ್ರ ಬ್ಯಾಂಕಿನಲ್ಲೇ ಅಡವಾಗಿ ಉಳಿದಿರುವುದುಂಟು. ಪತ್ರ ಬರೆದವರನ್ನೂ ಹಳೆಯ ವಕೀಲರನ್ನೂ ವಿಚಾರಿಸಬೇಕು.

ಸ್ಥಿರಾಸ್ತಿಯ ಖಾಸಗಿ ಟ್ರಸ್ಟನ್ನು ನೋಂದಾಯಿತ ಪತ್ರದ ಮೂಲಕ ಅಥವಾ ಉಯಿಲಿನ ಮೂಲಕ ಮಾತ್ರ ರಚಿಸಬಹುದೆಂದು 1882ರ ಟ್ರಸ್ಟ್ ಕಾಯ್ದೆ ಹೇಳುತ್ತದೆ. (ವಕ್ಫ್ ಈ ಕಾಯ್ದೆಯ ಹೊರಗಿದೆ. ಅದಕ್ಕೆ ಬೇರೆಯೇ ಕಾನೂನಿದೆ.) ಆದುದರಿಂದ ಪತ್ರ ನೋಂದಣಿಯಾಗಿದ್ದರೆ ಅದರ ನಕಲು ಉಪನೋಂದಣಾಧಿಕಾರಿಯ ಕಚೇರಿಯ ಪುಸ್ತಕದಲ್ಲಿ ಇರಲೇಬೇಕು. ಋಣಭಾರ ಪ್ರಮಾಣಪತ್ರ ತೆಗೆಸಿದರೆ ನೋಂದಣಿಯ ಸಂಖ್ಯೆ, ವರ್ಷ ತಿಳಿಯುತ್ತದೆ. ಅದರ ಆಧಾರದಲ್ಲಿ ಅರ್ಜಿ ಕೊಟ್ಟು ದೃಢೀಕೃತ ನಕಲು ಪಡೆಯಬಹುದು. ಮೂಲದಲ್ಲಿ ಏನಿತ್ತೆಂಬುದನ್ನು ಸಾಬೀತುಪಡಿಸಲು ಆ ನಕಲನ್ನು 1908ರ ನೋಂದಣಿ ಕಾಯ್ದೆಯೇ ಒಪ್ಪುತ್ತದೆ. ನೋಂದಾಯಿತ ಉಯಿಲಿನ ನಕಲನ್ನೂ ಬರೆದವರ ಮರಣಾನಂತರ ಕೇಳಿ ಪಡೆಯಬಹುದು. ಮೂಲ ನಿಜವಾಗಿಯೂ ಕಳೆದುಹೋಗಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಡುವುದು ಒಳ್ಳೆಯದು. ಆ ಹೊತ್ತಿಗೆ ಬದುಕಿರುವ ಸಾಕ್ಷಿಗಳ ಹೇಳಿಕೆಯನ್ನು ಬರೆಸಿಕೊಳ್ಳುವುದಕ್ಕೆ ತಡಮಾಡಬಾರದು, ಹಿರಿಯರು ಕಾಯುತ್ತಾ ಕೂರುವುದಿಲ್ಲ.

ಒಂದು ಕೆಲಸವನ್ನು ಮಾತ್ರ ಮಾಡಲೇಬಾರದು. "ತಂದೆಯ ಇಚ್ಛೆ ನಮಗೆ ಗೊತ್ತೇ ಇದೆಯಲ್ಲ" ಎಂದು ಹಳೆಯ ದಿನಾಂಕದ ಛಾಪಾ ಕಾಗದ ತಂದು ಹೊಸ ಪತ್ರ ಸೃಷ್ಟಿಸುವುದು. ಉದ್ದೇಶ ಒಳ್ಳೆಯದಿದ್ದರೂ ಅದು ಸುಳ್ಳು ಸಾಕ್ಷ್ಯ, ಕಾನೂನಿನಲ್ಲಿ ಅಪರಾಧ. ಇಂತಹ ಸಲಹೆಯನ್ನು ಜಮಾಅತಿನ ಹಿರಿಯರೇ ಕೊಟ್ಟದ್ದನ್ನು ಕೇಳಿದಾಗ ನನಗೆ ನಿಜಕ್ಕೂ ನೋವಾಯಿತು. ಮನೆಯ ಮಾತು ಕೋರ್ಟಿಗೆ ಹೋಗಬಾರದೆಂಬ ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ಮರ್ಯಾದೆಯ ಹೆಸರಿನಲ್ಲಿ ಅನಾಥರ ಮತ್ತು ವಿಧವೆಯರ ಹಕ್ಕು ಮುಳುಗಬಾರದು.

ಸ್ಪಷ್ಟತೆ ಬರುವ ತನಕ ಬಾಡಿಗೆಯನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಲೆಕ್ಕವನ್ನು ಎಲ್ಲರಿಗೂ ತೋರಿಸುವುದೇ ಸರಿಯಾದ ಮಾರ್ಗ. ತಂದೆ ಜೀವಿತಾವಧಿಯಲ್ಲಿ ಯಾರಿಗೆ ಕೊಡುತ್ತಿದ್ದರೋ ಅವರಿಗೆ ವಾರಸುದಾರರೆಲ್ಲರ ಒಪ್ಪಿಗೆಯಿಂದ ಅದನ್ನು ಮುಂದುವರಿಸಬಹುದು. ಪಾಲು ಮಾಡುವ ಹಂತ ಬಂದರೂ ಅಂತ್ಯಕ್ರಿಯೆಯ ಖರ್ಚು, ಸಾಲ, ಮೂರನೇ ಒಂದಂಶ ಮೀರದ ವಸಿಯ್ಯತ್, ಇವು ತೀರಿದ ಮೇಲೆಯೇ ಮೀರಾಸ್.

ಆ ಕುಟುಂಬದಲ್ಲಿ ಕೊನೆಗೆ ಕಚೇರಿಗೆ ಅಲೆದವಳು ಎರಡನೆಯ ಮಗಳು. ದೃಢೀಕೃತ ನಕಲು ಕೈಸೇರಿದಾಗ ಕೊನೆಯ ಹಾಳೆಯಲ್ಲಿ ಬಾಡಿಗೆಯ ಮೂರನೇ ಒಂದು ಭಾಗ ಸೋದರತ್ತೆಗೆ, ಅವರು ಬದುಕಿರುವವರೆಗೆ ಎಂದಿತ್ತು. ಅದರ ಕೆಳಗೆ ತಂದೆಯ ನಂತರ ಟ್ರಸ್ಟ್ ನಡೆಸಬೇಕಾದ ಇಬ್ಬರ ಹೆಸರುಗಳಿದ್ದವು: ಹಿರಿಯ ಮಗನದು ಮತ್ತು ಅವಳದು. ಅತ್ತೆಗೆ ಏಳು ತಿಂಗಳ ಬಾಕಿ ಆ ವಾರವೇ ಸಂದಾಯವಾಯಿತು.